ದೊಡ್ಡವ್ವ ಊಟ ಬಿಟ್ಟ ವರ್ಷ

ನಲವತ್ತು ದಾಟಿದ ಮೇಲೆ ನನಗೆ ಸರಿಯಾದ ಒಂದು ಕೆಲಸ ಸಿಕ್ಕಿತು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆನೆಂಬುದನ್ನು ನಾನೇ ಮರೆಯುವಷ್ಟು ಕಾಲ ರಾಮನಗರದ ಮನೆಯಲ್ಲಿ ಊಟದ ಡಬ್ಬಿ ಕಟ್ಟುತ್ತಾ, ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಕಳೆದಿದ್ದೆ. ಒಂದು ದಿನ ನನ್ನ ಹಳೆಯ ಪ್ರೊಫೆಸರ್ ಫೋನ್ ಮಾಡಿ, "ಹಳ್ಳಿ ಸುತ್ತೋಕೆ ಆಗುತ್ತೇನಮ್ಮ ನಿನಗೆ?" ಎಂದು ಕೇಳಿದರು. ಮನುಷ್ಯರ ಭಾವನೆಗಳು ವಯಸ್ಸಿನ ಜೊತೆ ಹೇಗೆ ಬದಲಾಗುತ್ತವೆ ಎಂದು ತಿಳಿಯುವ ಸಂಶೋಧನೆ. ಕಾಲೇಜು ಹುಡುಗರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರವರೆಗೆ ಬೇರೆ ಬೇರೆ ವಯಸ್ಸಿನವರನ್ನು ಆರಿಸಿಕೊಂಡು, ಅದೇ ಜನರನ್ನು ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಬೇಕು. ಕನಕಪುರದ ಕಡೆಯ ಹಳ್ಳಿಗಳು ಇನ್ನೊಬ್ಬರ ಪಾಲಿಗೆ ಹೋದವು. ಚನ್ನಪಟ್ಟಣದ ಕಡೆಯವು ನನ್ನ ಪಾಲಿಗೆ ಬಂದವು.

ಮೊದಲ ತೊಡಕು ಮಾತಿನದು. ನಮ್ಮ ಪ್ರಶ್ನೆಗಳಲ್ಲಿ ಖಿನ್ನತೆ, ಆತಂಕ, ಏಕಾಕಿತನ ಎಂಬ ಪದಗಳಿದ್ದವು. ವಿರೂಪಾಕ್ಷಿಪುರದ ಹತ್ತಿರ ಒಬ್ಬ ಯಜಮಾನರು ಖಿನ್ನತೆ ಎಂಬ ಪದ ಕೇಳಿ, "ಅದು ಹಸುಗೆ ಬರೋ ರೋಗವಾ, ಮನುಸಂಗೆ ಬರೋದಾ?" ಎಂದರು. ವಾಪಸ್ ಬಂದು ಎಲ್ಲರೂ ಕೂತು ಪದಗಳನ್ನು ಬದಲಾಯಿಸಿದೆವು. ಬೇಜಾರು, ದಿಗಿಲು, ಹೊಟ್ಟೆಕಿಚ್ಚು, ನೆಮ್ಮದಿ. ಏಕಾಕಿತನಕ್ಕೆ ಮಾತ್ರ ಒಂದೇ ಪದ ಸಿಗದೆ, 'ಯಾರೂ ಇಲ್ಲ ಅನ್ನಿಸುವುದು' ಎಂದು ಉದ್ದಕ್ಕೆ ಬರೆದೆವು. ಪ್ರೊಫೆಸರ್ ನಮಗೆ ಒಂದು ನಿಯಮವನ್ನು ಒತ್ತಿ ಹೇಳಿದ್ದರು: ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಯಾರಿಗೂ ಬುದ್ಧಿ ಹೇಳಬೇಡಿ, ಯಾರ ಸಂಸಾರದಲ್ಲೂ ಕೈ ಹಾಕಬೇಡಿ.

ಆ ನಿಯಮವನ್ನು ನಾನು ಮುರಿದದ್ದು ಹೊಂಗನೂರಿನ ಆಚೆಯ ಒಂದು ಮನೆಯಲ್ಲಿ.

ರೇಷ್ಮೆ ಬೆಳೆಯುವ ಮನೆ ಅದು. ಮುಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಸಾಕುವ ಉದ್ದನೆಯ ಕೋಣೆ. ನಾನು ಮೊದಲ ಸಲ ಹೋದಾಗ ಮಗ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಜಗಲಿಯ ಮೇಲೆ ಇಬ್ಬರು ಮುದುಕಿಯರು ಕೂತಿದ್ದರು. ಒಬ್ಬರು ಎತ್ತರ, ಸಣಕಲು, ಬೆನ್ನು ಇನ್ನೂ ನೆಟ್ಟಗಿತ್ತು. ಇನ್ನೊಬ್ಬರು ಗಿಡ್ಡ, ದುಂಡು ಮುಖ, ಬಾಯಲ್ಲಿ ಹಲ್ಲು ಕಡಿಮೆ. ಎತ್ತರದವರು ಪುಟ್ಟ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ ಗಿಡ್ಡನೆಯವರ ಕೈಗೆ ಕೊಡುತ್ತಿದ್ದರು.

"ನಮ್ಮತ್ತೇರು ಮೇಡಂ, ಇಬ್ರೂವೆ," ಎಂದಳು ಸೊಸೆ. ನಾನು ಅರ್ಥವಾಗದೆ ನಿಂತಿದ್ದನ್ನು ನೋಡಿ ನಕ್ಕಳು. "ಇವ್ರು ದೊಡ್ಡತ್ತೆ, ಇವ್ರು ಚಿಕ್ಕತ್ತೆ. ನಮ್ಮ ಮಾವಂಗೆ ಇಬ್ರು ಹೆಂಡ್ರು."

ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಗ ಚಿಕ್ಕವರ ಹೊಟ್ಟೆಯಲ್ಲಿ ಹುಟ್ಟಿದವನು. ಅವನ ಬಾಯಲ್ಲಿ ಎತ್ತರದವರು ದೊಡ್ಡವ್ವ, ಹೆತ್ತವರು ಅವ್ವ. ನಾನು ನನ್ನ ಅನುಕೂಲಕ್ಕೆ ದೊಡ್ಡವ್ವ, ಚಿಕ್ಕವ್ವ ಎಂದು ಕರೆಯತೊಡಗಿದೆ.

ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಬೇಕೆಂಬುದು ಕ್ರಮ. ದೊಡ್ಡವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋದರೆ ಚಿಕ್ಕವ್ವ ಚೊಂಬು ಹಿಡಿದು ಬರುತ್ತಿದ್ದರು. ಚಿಕ್ಕವ್ವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡರೆ ದೊಡ್ಡವ್ವ ಬಾಗಿಲಲ್ಲಿ ನಿಂತು, "ಅವಳ್ನ ಏನ್ ಕೇಳ್ತೀಯ ಮಗಾ? ಅವ್ಳು ಬರೀ ಸುಳ್ಳು ಯೋಳ್ತಾಳೆ. ಇಬ್ರುದ್ನೂ ನಾನೇ ಯೋಳ್ಬುಡ್ತೀನಿ, ಬರ್ಕೊ," ಎನ್ನುತ್ತಿದ್ದರು.

"ಓಗಕ್ಕ ನೀನು! ನನ್ ಮನ್ಸು ನಿಂಗೇನ್ ಗೊತ್ತು?" ಎಂದರು ಚಿಕ್ಕವ್ವ.

"ನಿನ್ ಮನ್ಸಾ? ಅದ್ರಾಗೆ ಏನೈತೆ ಗೊತ್ತಾಗದಿರಕ್ಕೆ?"

ನಿಮಗೆ ಹೆಚ್ಚು ಕೋಪ ಬರುವುದು ಯಾರ ಮೇಲೆ ಎಂಬ ಪ್ರಶ್ನೆಗೆ ಇಬ್ಬರೂ ಯೋಚನೆ ಮಾಡದೆ ಇನ್ನೊಬ್ಬರನ್ನು ತೋರಿಸಿದರು. ನಿಮ್ಮ ಮನಸ್ಸಿಗೆ ಹತ್ತಿರದವರು ಯಾರು ಎಂದಾಗ ದೊಡ್ಡವ್ವ ಮಗನ ಹೆಸರು ಹೇಳಿದರು, ಚಿಕ್ಕವ್ವ ಮಗಳದ್ದು. ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಲಿಲ್ಲ. ನಾನು ಹಾಗೇ ಬರೆದುಕೊಂಡು ಬಂದೆ.

ಆದರೆ ಬದುಕಿನಲ್ಲಿ ತುಂಬ ದುಃಖವಾದ ದಿನ ಯಾವುದು ಎಂದು ಕೇಳಿದಾಗ ದೊಡ್ಡವ್ವ ಹಿತ್ತಲಲ್ಲಿ ಕಟ್ಟಿದ್ದ ಕರುವಿನ ಕಡೆ ನೋಡಿದರು. ಗಂಡ ಸತ್ತ ದಿನ ಎನ್ನುತ್ತಾರೆಂದು ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. "ಇವಳ ಮದ್ವೆ ದಿನ," ಎಂದರು. "ನಂಗೆ ಮಕ್ಕಳಾಗ್ಲಿಲ್ಲ ಅಂತ ಕುದೂರು ಕಡೆಯಿಂದ ಇವಳ್ನ ತಂದ್ರು. ಅಡಿಗೆ ಮಾಡಿದ್ದು ನಾನೇ ಕಣವ್ವ. ಒಲೆ ಮುಂದೆ ಕೂತಿದ್ನಲ್ಲ, ಕಣ್ಣಲ್ಲಿ ನೀರು ಬಂದ್ರೆ ಹೊಗೆ ಅಂದ್ಕತಿದ್ರು ಜನ. ಒಳ್ಳೇದೇ ಆಯ್ತು."

ಇಷ್ಟು ಹೇಳಿ, ಎದ್ದು, ಕರುವನ್ನು ಬಿಸಿಲಿನಿಂದ ನೆರಳಿಗೆ ಕಟ್ಟಿ ಬಂದರು.

ಮಾರನೆಯ ವರ್ಷ ಹೋದಾಗ ಜಗಲಿ ಖಾಲಿ ಇತ್ತು. ದೊಡ್ಡವ್ವ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನನಗೆ ಗಾಬರಿಯಾಯಿತು. ಕೆನ್ನೆ ಒಳಗೆ ಹೋಗಿತ್ತು, ಕೈಯ ಬಳೆ ಮೊಣಕೈಯವರೆಗೆ ಜಾರುತ್ತಿತ್ತು.

"ಊಟಾನೆ ಮಾಡಕಿಲ್ಲ ಮೇಡಂ," ಎಂದಳು ಸೊಸೆ. "ಮುದ್ದೆ ಮುಂದಿಟ್ರೆ ಒಸಿ ಮುರಿದು ಕೈ ತೊಳ್ಕತಾರೆ. ಚನ್ನಪಟ್ಟಣದಾಗೆ ತೋರ್ಸಿದ್ವಿ. ರಕ್ತ, ಎದೆ ಪೋಟೋ, ಹೊಟ್ಟೆ ಸ್ಕ್ಯಾನಿಂಗು, ಎಲ್ಲಾ ಸರಿಯಾಗೈತೆ ಅಂದ್ರು ಡಾಕ್ಟ್ರು. ವಯಸ್ಸಾಯ್ತು, ಅಷ್ಟೇ ಅಂದ್ರು."

"ಚಿಕ್ಕವ್ವ ಎಲ್ಲಿ?"

ಚಿಕ್ಕವ್ವ ಕುದೂರಿನಲ್ಲಿದ್ದರು, ಮಗಳ ಮನೆಯಲ್ಲಿ. ಕಣ್ಣಿನ ಪೊರೆಯ ಆಪರೇಷನ್‌ಗೆಂದು ಮಗಳು ಕರೆದುಕೊಂಡು ಹೋಗಿದ್ದಳು. ಇಲ್ಲಿದ್ದರೆ ಸೊಪ್ಪು, ಹುಳು, ಒಲೆ ಎಂದು ಸುಮ್ಮನೆ ಕೂರುವುದಿಲ್ಲ, ಅಲ್ಲೇ ಇರಲಿ ಎಂದು. ಒಂದು ಕಣ್ಣಾಯಿತು. ಇನ್ನೊಂದು ಕಣ್ಣಿಗೂ ಮಾಡಿಸಿಬಿಡೋಣ ಎಂದರು. ಅಷ್ಟರಲ್ಲಿ ಆ ಮಗಳ ಮಗಳು ಹೆರಿಗೆಗೆ ತವರಿಗೆ ಬಂದು ಹೆಣ್ಣು ಕೂಸು ಹೆತ್ತಳು. ಮೊಮ್ಮಗಳ ಬಾಣಂತನ ಮುಗಿಸಿಕೊಂಡೇ ಬರಲಿ ಎಂದಾಯಿತು. ಹೀಗೆ ವಾರಕ್ಕೆಂದು ಹೋದವರು ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದರು.

ನಾನು ದೊಡ್ಡವ್ವನ ಎದುರು ಕೂತು ಪ್ರಶ್ನೆಗಳನ್ನು ಶುರು ಮಾಡಿದೆ. ಈಚೆಗೆ ಬೇಜಾರಾಗಿದೆಯಾ? ಇಲ್ಲ. ನಿದ್ದೆ ಬರುತ್ತದೆಯಾ? ಬತ್ತದೆ. ಯಾರೂ ಇಲ್ಲ ಅನ್ನಿಸುತ್ತದೆಯಾ?

"ಮನೆ ತುಂಬ ಜನ ಅವ್ರೆ. ಮಗ ಅವ್ನೆ, ಸೊಸೆ ಅವ್ಳೆ, ಮೊಮ್ಮಕ್ಕಳವ್ರೆ. ಯಾರೂ ಇಲ್ಲ ಅನ್ನಕ್ಕೆ ನಂಗೇನ್ ಬಂದೈತೆ? ಹೊಟ್ಟೇಲಿ ಗ್ಯಾಸು ಮಗಾ, ಅಷ್ಟೇಯ."

ಅದು ಸುಳ್ಳಾಗಿರಲಿಲ್ಲ. ಆ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಸೊಸೆ ಗಂಜಿ ಮಾಡಿ ಕೊಡುತ್ತಿದ್ದಳು, ಮಗ ಪೇಟೆಯಿಂದ ದಾಳಿಂಬೆ ತರುತ್ತಿದ್ದ. ನಾನು ಬೇಜಾರಿಲ್ಲ ಎಂದೇ ಬರೆದುಕೊಂಡೆ.

ಆಗ ಮಗನ ಫೋನ್ ಬಂತು. ಕುದೂರಿನಿಂದ ಚಿಕ್ಕವ್ವ. ಮಗ ಸ್ಪೀಕರ್ ಹಾಕಿ ದೊಡ್ಡವ್ವನ ಕೈಗೆ ಕೊಟ್ಟ.

"ಅಕ್ಕಾ, ಉಂಡಾ?"

"ಊಂ, ಉಂಡೆ."

"ಹಸ ಹಾಲ್ ಕೊಡ್ತೈತಾ?"

"ಕೊಡ್ತೈತೆ."

"ಮಡುಗ್ಲಾ?"

"ಮಡುಗು."

ಅಷ್ಟೇ ಮಾತು. ಫೋನ್ ಕಟ್ಟಾಯಿತು. ದೊಡ್ಡವ್ವ ಅದನ್ನು ಮಗನಿಗೆ ಕೊಡಲಿಲ್ಲ. ಬೆಳಕು ಆರಿ ಗಾಜು ಕಪ್ಪಾಗುವವರೆಗೆ ಹಾಗೇ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ನೋಡಿದವರು ಯಾರಾದರೂ ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ಆದರೆ ಆ ಮನೆಯವರು ಇವರಿಬ್ಬರ ಜಗಳವನ್ನೇ ದಿನವೂ ಕೇಳಿ ಬೆಳೆದವರು. ದೂರ ಇದ್ದರೆ ಇಬ್ಬರಿಗೂ ಆರಾಮ ಎಂದು ನಂಬಿದ್ದರು.

"ದೊಡ್ಡವ್ವ, ಕುದೂರಿಗೆ ಹೋಗಿ ಚಿಕ್ಕವ್ವನ ನೋಡ್ಕೊಂಡು ಬರೋಣವಾ?" ಎಂದೆ. ಬಾಯಿಂದ ಬಂದ ಮೇಲೆ ನಿಯಮದ ನೆನಪಾಯಿತು.

ಅವರ ಮುಖ ಬಿಗಿಯಿತು. "ನಾನ್ಯಾಕ್ ಓಗ್ಲಿ ಆ ಮನೇಗೆ? ಇದುವರ್ಗೂ ಓಗಿಲ್ಲ, ಇನ್ ಓಗದೂ ಇಲ್ಲ."

ಸೊಸೆ ನನ್ನನ್ನು ತೋಟದವರೆಗೆ ಕಳಿಸಲು ಬಂದವಳು ವಿಷಯ ಹೇಳಿದಳು. ಅವಳ ನಾದಿನಿಯ ಮದುವೆಯಲ್ಲಿ, ಅಂದರೆ ಈಗ ಕುದೂರಿನಲ್ಲಿರುವ ಮಗಳ ಮದುವೆಯಲ್ಲಿ, ಧಾರೆ ಎರೆಯಲು ಗಂಡನ ಪಕ್ಕ ಹಿರಿಯ ಹೆಂಡತಿಯಾಗಿ ದೊಡ್ಡವ್ವ ಹೋಗಿ ಕೂತರಂತೆ. ಆ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರೂ ಅವರೇ. ಆದರೆ ನೆಂಟರಲ್ಲಿ ಯಾರೋ, ಮಕ್ಕಳಿಲ್ಲದವಳು ಧಾರೆಗೆ ಕೂರಬಾರದು ಎಂದುಬಿಟ್ಟರು. ದೊಡ್ಡವ್ವ ಚಿಕ್ಕವ್ವನ ಮುಖ ನೋಡಿದರಂತೆ. ಚಿಕ್ಕವ್ವ ತಲೆ ತಗ್ಗಿಸಿದರು. ದೊಡ್ಡವ್ವ ಎದ್ದು ಅಡುಗೆಯವರ ಹತ್ತಿರ ಹೋಗಿ ನಿಂತರು. ಅಂದಿನಿಂದ ಆ ಮಗಳ ಮನೆಯ ಹೊಸ್ತಿಲು ತುಳಿದಿಲ್ಲ. ಮಗಳು ಇಲ್ಲಿಗೆ ಬಂದರೆ ಪ್ರೀತಿಯಿಂದಲೇ ನೋಡುತ್ತಾರೆ, ಕರೆದರೆ ಮಾತ್ರ ಹೋಗುವುದಿಲ್ಲ.

ರಾಮನಗರಕ್ಕೆ ಬಂದವಳು ಪ್ರೊಫೆಸರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನೀನು ಕೈ ಹಾಕಿದರೆ ಆಮೇಲೆ ಅವರು ಹೇಳೋ ಉತ್ತರಗಳು ನಮ್ಮ ಲೆಕ್ಕಕ್ಕೆ ಬರೋದಿಲ್ಲ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. "ಹಾಗಾದರೆ ಸಂಶೋಧನೆಯವಳಾಗಿ ಹೋಗಬೇಡ. ರಜೆ ಹಾಕಿ ಹೋಗು," ಎಂದರು.

ದೊಡ್ಡವ್ವನನ್ನು ಕುದೂರಿಗೆ ಕರೆದುಕೊಂಡು ಹೋಗಲು ಬರುತ್ತೇನೆಂದು ಸೊಸೆಗೆ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಮತ್ತೆ ಆ ಮನೆಗೆ ಹೋದೆ. ಹೇಗೆ ಒಪ್ಪಿಸುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಒಪ್ಪಿಸಬೇಕಾಗಲಿಲ್ಲ. ದೊಡ್ಡವ್ವ ಮಡಿಕೆ ಬಿಚ್ಚಿದ ಹಸಿರು ಸೀರೆ ಉಟ್ಟು, ಪಕ್ಕದಲ್ಲಿ ಒಂದು ಚೀಲ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಚೀಲದಲ್ಲಿ ಒಂದು ಬಾಟಲಿ ಹರಳೆಣ್ಣೆ, ಮೆತ್ತಗಾದ ಹಳೆಯ ಹತ್ತಿ ಸೀರೆಯ ತುಂಡುಗಳು.

"ಕೂಸಿಗೆ ಬೇಕಾಯ್ತದೆ," ಎಂದರು ನನ್ನ ಕಡೆ ನೋಡದೆ. "ಮಗು ನೋಡಕ್ಕೆ ಬತ್ತಿದೀನಿ. ಅವಳ್ನಲ್ಲ."

ಚನ್ನಪಟ್ಟಣದವರೆಗೆ ಮಗ ಬೈಕಿನಲ್ಲಿ ಬಿಟ್ಟ, ನಾನು ಬಸ್ಸಿನಲ್ಲಿ ಬಂದು ಸೇರಿಕೊಂಡೆ. ಅಲ್ಲಿಂದ ರಾಮನಗರ, ರಾಮನಗರದಿಂದ ಮಾಗಡಿ ಬಸ್ಸು. ಹೆಂಗಸರಿಗೆ ಫ್ರೀ ಆದ ಮೇಲೆ ಭಾನುವಾರದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಯಾರೋ ಹುಡುಗಿ ಎದ್ದು ಕಿಟಕಿ ಪಕ್ಕದ ಸೀಟು ಕೊಟ್ಟಳು. ದೊಡ್ಡವ್ವ ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದರು, ಕಂಡಕ್ಟರ್ ನೋಡಿ ಹೋದ ಮೇಲೂ ಒಳಗಿಡಲಿಲ್ಲ. ಊರು ದಾಟಿ ಬಂಡೆ ಬೆಟ್ಟಗಳ ನಡುವೆ ಬಸ್ಸು ಹೋಗುವಾಗ, ಗಾಳಿಗೆ ಸೆರಗು ಹೊದ್ದುಕೊಂಡು, ತಾವಾಗಿ ಮಾತಿಗೆ ಶುರು ಮಾಡಿದರು.

"ಅವ್ಳು ಬಂದ ಒಸತ್ರಲ್ಲಿ ನಾನು ನಮ್ಮೂರ ದೇವ್ರಿಗೆ ಒಂದು ಹರಕೆ ಕಟ್ಕಂಡಿದ್ದೆ ಕಣವ್ವ."

"ಏನಂತ?"

"ಅವ್ಳು ಸತ್ತೋಗ್ಲಿ ಅಂತ."

ನಾನು ಅವರ ಕಡೆ ಬಗ್ಗಿದೆ.

"ಮಗ ಹುಟ್ಟಿದ ಮ್ಯಾಕೆ ಅವಳ್ಗೆ ಜ್ವರ ಹಿಡ್ಕತು. ಇಳೀಲೇ ಇಲ್ಲ. ಬಾಯಿಗೆ ನೀರು ಬುಟ್ರೆ ಪಕ್ಕದಲ್ಲಿ ಸೋರೋದು. ಕೂಸು ನನ್ನ ಮಗ್ಗುಲಾಗೆ ಅಳ್ತಿತ್ತು. ನಂಗೆ ಎದೆ ಒಡ್ದೋಯ್ತು. ನಾನೇ ಮಾಡ್ದೆ ಅನ್ನಿಸ್ಬುಡ್ತು. ಅದೇ ದೇವ್ರ ಮುಂದೆ ಓಗಿ ಬಿದ್ದೆ. ತಪ್ಪಾಯ್ತು, ಮುಡಿ ಕೊಡ್ತೀನಿ, ಅವಳ್ನ ಉಳ್ಸು ಅಂದೆ. ಉಳ್ಸ್ತು. ಬೋಳಿಸ್ಕಂಡು ಬಂದೆ. ಮಕ್ಕಳಾಗ್ಲಿ ಅಂತ ಮುಡಿ ಕೊಟ್ಲು ಅಂದ್ಕಂಡ್ರು ಎಲ್ರೂ. ಅಂದ್ಕಳ್ಳಿ ಅಂತ ಸುಮ್ಕಾದೆ."

"ಚಿಕ್ಕವ್ವಂಗೆ ಗೊತ್ತಾ?"

"ಯಾವ್ದು ಯೋಳ್ಲಿ? ಸಾಯ್ಲಿ ಅಂದಿದ್ದ, ಉಳೀಲಿ ಅಂದಿದ್ದ?"

ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಹಾಡು ಬರುತ್ತಿತ್ತು. ದೊಡ್ಡವ್ವ ಕಿಟಕಿಯ ಕಡೆ ತಿರುಗಿ ಕೂತರು. ಹೊಟ್ಟೆಕಿಚ್ಚು ಎಂಬ ಪದದ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತಾ ಬಂದಿದ್ದೆ ನಾನು. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ದೊಡ್ಡವ್ವ ಬೋಳು ತಲೆಯ ಮೇಲೆ ಸೆರಗೆಳೆದುಕೊಂಡು ಮನೆಗೆ ನಡೆದು ಬಂದದ್ದನ್ನು ಯೋಚಿಸುತ್ತಾ ಮಾಗಡಿಯವರೆಗೂ ಅವರ ಕೈ ಹಿಡಿದುಕೊಂಡು ನಿಂತಿದ್ದೆ. ಇದನ್ನು ಈಗ ಬರೆಯುತ್ತಿರುವುದು ಅವರನ್ನು ಕೇಳಿಯೇ. "ಬರ್ಕೊ, ಆದ್ರೆ ಯಾರ ಹೆಸ್ರೂ ಹಾಕ್ಬ್ಯಾಡ," ಎಂದಿದ್ದಾರೆ.

ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ಕುದೂರು ಸೇರುವಾಗ ಬಿಸಿಲೇರಿತ್ತು. ಮಗಳ ಮನೆ ಸಂತೆ ಬೀದಿಯ ಹಿಂದೆ. ಅಂಗಳದಲ್ಲಿ ಚಾಪೆಯ ಮೇಲೆ ಚಿಕ್ಕವ್ವ ಕಪ್ಪು ಕನ್ನಡಕ ಹಾಕಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎರಡನೆಯ ಕಣ್ಣಿನ ಆಪರೇಷನ್ ಆಗಿ ಇನ್ನೂ ಬಹಳ ದಿನ ಆಗಿರಲಿಲ್ಲ.

"ಯಾರದು?" ಎಂದರು ತಲೆಯೆತ್ತಿ.

"ನಾನು," ಎಂದರು ದೊಡ್ಡವ್ವ ಗೇಟಿನಲ್ಲೇ ನಿಂತು.

ಚಿಕ್ಕವ್ವನ ಮಡಿಲಿನ ಕಾಯೆಲ್ಲ ಚಾಪೆಯ ಮೇಲೆ ಚೆಲ್ಲಿತು. ಎದ್ದು ಬಂದವರು ದೊಡ್ಡವ್ವನ ತೋಳು, ಭುಜ, ಕೆನ್ನೆ ಮುಟ್ಟಿ ಮುಟ್ಟಿ ನೋಡಿದರು. "ಅಯ್ಯೋ ನಮ್ಮಕ್ಕ, ಇದೇನಿಂಗೆ ಒಣಗೋಗಿದ್ದೀಯ? ದಿನಾ ಉಂಡೆ ಉಂಡೆ ಅಂತಿದ್ದೆಯಲ್ಲ ಪೋನಿನಾಗೆ!" ಎಂದು ಗೋಳೋ ಎಂದು ಅಳತೊಡಗಿದರು.

"ಅಳ್ಬ್ಯಾಡ ಅಮ್ಮಿ, ಕಣ್ಣಿಗೆ ಆಪ್ರೇಸನ್ ಆಗೈತೆ," ಎಂದರು ದೊಡ್ಡವ್ವ. ಹಾಗೆ ಹೇಳುತ್ತಾ ತಾವೇ ಅಳುತ್ತಿದ್ದರು.

ಸದ್ದು ಕೇಳಿ ಮಗಳು ಒಳಗಿನಿಂದ ಓಡಿ ಬಂದಳು. ದೊಡ್ಡವ್ವನನ್ನು ತನ್ನ ಗೇಟಿನಲ್ಲಿ ಕಂಡು ಚೊಂಬು ತರಲು ಮತ್ತೆ ಒಳಗೋಡಿದಳು. ಕಾಲಿಗೆ ನೀರು ಕೊಟ್ಟು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಡುಮನೆಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದ ಮೇಲೆ ದೊಡ್ಡವ್ವ ಚಿಕ್ಕವ್ವನ ಕಡೆ ತಿರುಗಿದರು. ನಾನು ಇರುವುದನ್ನು ಇಬ್ಬರೂ ಮರೆತಿದ್ದರು.

"ಆವತ್ತು ಧಾರೆಯಾಗೆ ನೀನ್ಯಾಕೆ ಸುಮ್ಕಿದ್ದೆ?"

ಚಿಕ್ಕವ್ವ ಕನ್ನಡಕ ತೆಗೆದರು. ಕಣ್ಣು ಕೆಂಪಗಿತ್ತು. "ಹೆದ್ರಿಕೆ ಆಯ್ತು ಅಕ್ಕ. ಮದ್ವೆ ನಿಂತೋದ್ರೆ ಅಂತ. ಆಮ್ಯಾಕೆ ನಿನ್ ಮುಂದೆ ಆ ಮಾತೆತ್ತಕ್ಕೂ ಹೆದ್ರಿಕೆ. ನೀನು ಒಂದ್ ದಪ ಬೈದಿದ್ರೆ ಸರಿಯಾಗೋಗ್ತಿತ್ತು. ನೀನು ಬೈಲೇ ಇಲ್ಲ."

"ಬಾಕಿ ಎಲ್ಲದ್ಕೂ ಬೈದೆನಲ್ಲ."

"ಬೈದೆ. ಅದ್ಕೊಂದ್ಕೆ ಬೈಲಿಲ್ಲ."

ಒಳಗೆ ಬಾಣಂತಿಯ ಕೋಣೆಯಲ್ಲಿ ಕೂಸು ಅಳತೊಡಗಿತು. ಮಗಳು ಹೋಗಿ ಅದನ್ನು ಎತ್ತಿಕೊಂಡು ಬಂದು ದೊಡ್ಡವ್ವನ ಮುಂದೆ ನಿಂತಳು. ದಿನ ತುಂಬುವ ಮೊದಲೇ ಹುಟ್ಟಿದ, ಕೆಂಪಗಿನ ಪುಟಾಣಿ ಹೆಣ್ಣು. "ದೊಡ್ಡವ್ವ, ನಂಗೆ ಇಷ್ಟು ಸಣ್ಣ ಮಗೀಗೆ ನೀರಾಕಕ್ಕೆ ಕೈ ನಡುಗ್ತೈತೆ. ಅವ್ವಂಗೆ ಕಣ್ಣು. ನೀನು ಹಾಕ್ಕೊಡ್ತೀಯಾ?"

ದೊಡ್ಡವ್ವ ಕೈ ಚಾಚಿದರು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಪಕ್ಕದ ಮನೆಯ ಹೆಂಗಸರಿಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಾನು ಹಾಕ್ಬೋದಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಚಿಕ್ಕವ್ವ ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ನೀನಲ್ದೆ ಇನ್ಯಾರಾಕ್ಬೇಕು? ನನ್ನೆರಡು ಮಕ್ಕಳ್ಗೂ ನೀರಾಕಿ ಬೆಳೆಸಿದ ತಾಯಿ ನೀನು. ಬ್ಯಾಡ ಅನ್ನೋರು ಯಾರವ್ರೆ, ಬರ್ಲಿ ನನ್ ಮುಂದೆ!"

ಬ್ಯಾಡ ಅನ್ನುವವರು ಯಾರೂ ಬರಲಿಲ್ಲ. ಬಾಗಿಲಲ್ಲಿದ್ದ ಒಬ್ಬ ಹೆಂಗಸು ಬಿಸಿನೀರು ತರಲು ಹೋದಳು.

ಬಚ್ಚಲಲ್ಲಿ ದೊಡ್ಡವ್ವ ಮಣೆಯ ಮೇಲೆ ಕೂತು, ಸೀರೆ ಮೇಲೆತ್ತಿಕೊಂಡು ಕಾಲು ಚಾಚಿದರು. ಕೂಸನ್ನು ಕಾಲ ಮೇಲೆ ಮಲಗಿಸಿ ಹರಳೆಣ್ಣೆ ಸವರಿದರು. ಗೋಡೆಗೆ ಒರಗಿ ಕೂತಿದ್ದ ಸುಸ್ತಿನ ಕೈಗಳೇ ಅವು ಎಂದು ನನಗೆ ನಂಬಲಾಗಲಿಲ್ಲ. ಹೆಬ್ಬೆರಳಿನಿಂದ ಮೂಗು ತೀಡಿದರು, ಕಿವಿಯ ಹಿಂದೆ ಉಜ್ಜಿದರು, ನೀರನ್ನು ಮೊದಲು ತಮ್ಮ ಮೊಣಕೈಗೆ ಬಿಟ್ಟುಕೊಂಡು ನೋಡಿ ಆಮೇಲೆ ಹೊಯ್ದರು. ಅಳುತ್ತಿದ್ದ ಕೂಸು ಬಾಯಿ ಮುಚ್ಚಿತು. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕವ್ವ, "ಬೆನ್ನು, ಅಕ್ಕ, ಬೆನ್ನು ಬುಟ್ಬುಟ್ಟೆ," ಎಂದರು. "ಕಣ್ಣು ಕಾಣದೋಳು ನೀನು, ಸುಮ್ಕಿರು," ಎಂದರು ದೊಡ್ಡವ್ವ.

ಆ ಮಧ್ಯಾಹ್ನ ಅವರು ಒಂದು ಮುದ್ದೆ ಪೂರ್ತಿ ಉಂಡರು, ಅವರೆಕಾಳಿನ ಸಾರಿನಲ್ಲಿ. ಇನ್ನೊಂದಕ್ಕೆ ಕೈ ಚಾಚಿದಾಗ ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಸಂಜೆ ನಾನು ಹೊರಟಾಗ ದೊಡ್ಡವ್ವ ಏಳಲಿಲ್ಲ. ಕೂಸು ಅವರ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. "ನೀನ್ ಓಗ್ ಮಗಾ, ನಾನು ಬಾಣಂತನ ಮುಗಿಸ್ಕಂಡು ಬತ್ತೀನಿ," ಎಂದರು. ಅವರ ಮಗನಿಗೆ ಫೋನ್ ಮಾಡಿ ತಿಳಿಸಿದೆ. "ಅಲ್ಲೂ ಜಗಳ ಆಡ್ತವ್ರಾ ಮೇಡಂ?" ಎಂದ. ಆಡುತ್ತಿದ್ದಾರೆ ಎಂದೆ. ಅವನು ನಕ್ಕ.

ಪ್ರೊಫೆಸರ್ ಹೇಳಿದ್ದಂತೆ ದೊಡ್ಡವ್ವನ ಉತ್ತರಗಳನ್ನು ಸಂಶೋಧನೆಯಿಂದ ತೆಗೆದುಹಾಕಿದರು. ಅದು ಸರಿಯೇ. ವಯಸ್ಸಾಗುತ್ತಾ ಹೋದಂತೆ ಜನ ಸುತ್ತಲಿನ ಬಳಗವನ್ನು ಕಿರಿದು ಮಾಡಿಕೊಂಡು, ಬೇಕಾದ ಕೆಲವರನ್ನೇ ಹತ್ತಿರ ಇಟ್ಟುಕೊಳ್ಳುತ್ತಾರೆ ಎಂದು ನಾವೆಲ್ಲ ಓದಿದ್ದೆವು. ಆ ಬೇಕಾದವರು ಒಂದು ಕಾಲದಲ್ಲಿ ಯಾರು ಸಾಯಲಿ ಎಂದು ಹರಕೆ ಹೊತ್ತಿದ್ದರೋ ಅವರೇ ಆಗಿರಬಹುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಪ್ರೀತಿ ಇದೆಯೇ ಎಂದು ಕೇಳಿದ್ದರೆ ಅವರಿಬ್ಬರೂ ಇಲ್ಲ ಎನ್ನುತ್ತಿದ್ದರು, ಅದನ್ನು ನಾನು ನಂಬಿ ಬರೆದುಕೊಳ್ಳುತ್ತಿದ್ದೆ.

ಮೂರು ತಿಂಗಳು ಕಳೆದು ಇಬ್ಬರೂ ಒಟ್ಟಿಗೇ ಊರಿಗೆ ಬಂದರು. ನನ್ನ ಕೆಲಸ ಮುಗಿದ ಮೇಲೂ ಆ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಮೊನ್ನೆ ಹೋದಾಗ ಹುಳು ಹಣ್ಣಾಗುವ ಸಮಯ. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು, ತಡವಾದರೆ ರೇಷ್ಮೆ ಹಾಳು. ಮನೆಯವರೆಲ್ಲ ಅದರಲ್ಲೇ ಮುಳುಗಿದ್ದರು. ನನ್ನನ್ನೂ ಒಂದು ತಟ್ಟೆಯ ಮುಂದೆ ಕೂರಿಸಿದರು. ನನ್ನ ಒಂದು ಕಡೆ ದೊಡ್ಡವ್ವ, ಇನ್ನೊಂದು ಕಡೆ ಚಿಕ್ಕವ್ವ. ನಾನು ಹಣ್ಣಾಗದ ಹುಳುಗಳನ್ನೂ ಎತ್ತುತ್ತಿದ್ದೆನೆಂದು ಇಬ್ಬರೂ ಬೈದರು. ಯಾರು ಹೇಳಿಕೊಡಬೇಕೆಂದು ಅವರಿಬ್ಬರಲ್ಲೇ ಮಾತು ಬೆಳೆಯಿತು.

"ಬೆಳಕಿಗೆ ಹಿಡಿದು ನೋಡು, ಮೈಯೊಳ್ಗೆ ಬೆಳಕು ಕಾಣ್ಬೇಕು," ಎಂದರು ಚಿಕ್ಕವ್ವ. ಅವರ ಕಣ್ಣು ಈಗ ಚೆನ್ನಾಗಿ ಕಾಣುತ್ತದೆ.

"ಬೆಳಕು ಯಾಕೆ? ಮುಟ್ಟಿದ್ರೇ ಗೊತ್ತಾಯ್ತದೆ," ಎಂದರು ದೊಡ್ಡವ್ವ, ನನ್ನ ಬೆರಳುಗಳನ್ನು ಹಿಡಿದು ಒಂದು ಹುಳುವಿನ ಮೇಲೆ ಇಡುತ್ತಾ.